ಅರ್ಧ ಪ್ರಸಾದ

೧೯೧೧ ಮಾರ್ಚ್ ೧೨, ಭಾನುವಾರ. ಚಳ್ಳಕೆರೆ

ಬೆಳಿಗ್ಗೆ ಡಿಸ್ಪೆನ್ಸರಿಗೆ ಹೋಗಿ ಕತ್ತರಿ, ಚಿಮಟ ಕುದಿಸಿಟ್ಟು ಬಂದೆ. ಡಾಕ್ಟರಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ನನಗೆ ಹಾಗಲ್ಲ. ಬಾಗಿಲು ಮುಂದಕ್ಕೆ ಹಾಕಿ, ಮೇಜಿನ ಮೇಲೆ ಬಿಳಿ ವಸ್ತ್ರ ಹಾಸಿ, ಶಿಲುಬೆ ಇಟ್ಟು, ಪುಸ್ತಕದಿಂದ ಪೂಜೆಯ ಜಪಗಳನ್ನು ಓದಿದೆ. ಲೂರ್ದಿ ಪಕ್ಕದಲ್ಲಿ ಮಂಡಿಯೂರಿದ್ದಳು. ಪ್ರಸಾದದ ಭಾಗ ಬಂದಾಗ ಎಂದಿನಂತೆ ನಿಲ್ಲಿಸಿದೆ. ಅಲ್ಲಿ ನಾನು ಓದುವಂಥದು ಏನೂ ಇಲ್ಲ. ಗುರುವಿಲ್ಲದ ಊರಿನಲ್ಲಿ ಆ ಜಾಗ ಖಾಲಿ.

"ಅವ್ವಾ, ಯಾವಾಗ್ಲೂ ಇಲ್ಲೇ ಯಾಕೆ ನಿಲ್ಲಿಸ್ತೀಯಾ?"

"ಬೆಂಗಳೂರಾಗಿದ್ರೆ ಇಲ್ಲಿ ಎದ್ದು ಹೋಗಿ ಪರಮಪ್ರಸಾದ ತಗೋತಿದ್ವಿ. ಇಲ್ಲಿ ಮನಸ್ಸಿನಾಗೇ ತಗೋಬೇಕು."

"ಮನಸ್ಸಿನಾಗೇ ರೊಟ್ಟಿ ತಿಂದ್ರೆ ಹೊಟ್ಟೆ ತುಂಬುತ್ತಾ?"

ಹೋಗಿ ಒಲೆ ನೋಡು ಅಂದೆ. ಈ ಊರಲ್ಲಿ ಈ ಮಾತು ಆಡಲು ನನಗೆ ಬೇರೆ ಯಾರೂ ಇಲ್ಲ. ನಮ್ಮವರು ಎನ್ನಲು ನಾವಿಬ್ಬರೇ. ಅವರು, ಲೂರ್ದಿಯ ಅಪ್ಪ, ಪ್ಲೇಗಿನಲ್ಲಿ ಹೋದ ಮೇಲೆ ಬೆಂಗಳೂರಿನ ಸಿಸ್ಟರುಗಳು ಹೆರಿಗೆ ಕೆಲಸ ಕಲಿಸಿ ಈ ಸರ್ಕಾರಿ ಕೆಲಸ ಕೊಡಿಸಿದರು. ಅನ್ನ ಸಿಕ್ಕಿತು. ಪೂಜೆ ತಪ್ಪಿತು. ಕೊನೆಯ ಸಲ ಪ್ರಸಾದ ತೆಗೆದುಕೊಂಡದ್ದು ಹೋದ ಮುಂಗಾರಿಗೂ ಮುಂಚೆ.

ಮಾರ್ಚ್ ೨೧, ಮಂಗಳವಾರ

ಕಂಬಳಿ ವ್ಯಾಪಾರದ ಗಾದ್ರಪ್ಪ ಮೊಳಕಾಲ್ಮೂರಿನಿಂದ ಬಂದ. ಇನ್ನಾಸಪ್ಪ ಹೇಳಿ ಕಳಿಸಿದ ಮಾತು ತಂದ. ಪಾಸ್ಕ, ಅಂದರೆ ಈಸ್ಟರ್ ಹಬ್ಬ, ಆದ ಮೇಲಿನ ಎರಡನೆಯ ಮಂಗಳವಾರ ನಮ್ಮ ಪಾದ್ರಿ ಸ್ವಾಮಿಗಳು ಮೊಳಕಾಲ್ಮೂರಿಗೆ ಬರುತ್ತಾರೆ, ಮಾರನೆಯ ಒಂದೇ ಬೆಳಗು ಇರುತ್ತಾರೆ.

ಇನ್ನಾಸಪ್ಪ ಕಲ್ಲು ಕೆಲಸದವನು. ಬಳ್ಳಾರಿ ಕಡೆಯಿಂದ ಬಂದು ನೆಲೆಸಿದ ನಮ್ಮವರ ಕೆಲವೇ ಮನೆ ಅಲ್ಲಿವೆ, ಕಲ್ಲುಕುಟಿಕರ ಕೇರಿಯಲ್ಲಿ. ಗುಡಿ ಇಲ್ಲ. ಇನ್ನಾಸಪ್ಪನ ಪಡಸಾಲೆಯೇ ಗುಡಿ. ಸ್ವಾಮಿಗಳು ಫ್ರಾನ್ಸಿನವರು, ವಯಸ್ಸಾಗಿದೆ. ಕುದುರೆಯ ಮೇಲೆ ಸೀಮೆಯೆಲ್ಲ ಸುತ್ತುತ್ತಾರೆ. ನಮ್ಮ ಪಾಲಿಗೆ ವರ್ಷಕ್ಕೆ ಒಂದೋ ಎರಡೋ ಬೆಳಗು.

ಗಾದ್ರಪ್ಪ ಹೊರಟವನು ತಿರುಗಿ ಬಂದ. "ಇನ್ನೊಂದು ಮಾತೈತೆ ನರ್ಸಮ್ಮ, ಮರ್ತಿದ್ದೆ. ಸಣ್ಣ ಮಕ್ಕಳೂ ತಿನ್ನಬೌದಂತೆ ಈಗ. ಏನು ತಿನ್ನೋದೋ ನಂಗೊತ್ತಿಲ್ಲ. ಇನ್ನಾಸಪ್ಪ ಹೇಳು ಅಂದ."

ನಿಂತಲ್ಲೇ ನಿಂತೆ. ರೋಮಿನ ಜಗದ್ಗುರುಗಳು ಹೊಸ ಕಟ್ಟಳೆ ಮಾಡಿದ್ದಾರೆಂದು ಸಿಸ್ಟರು ಬರೆದಿದ್ದರು—ತಿಳಿವಳಿಕೆ ಬಂದ ಮಗುವಿಗೆ ಪ್ರಸಾದ ಕೊಡಬೇಕು, ಹನ್ನೆರಡಕ್ಕೆ ಕಾಯಿಸಬಾರದು ಅಂತ. ಈ ಸೀಮೆಗೆ ಬರಲು ಇನ್ನೂ ವರ್ಷಗಳಾಗಬಹುದು ಅಂದುಕೊಂಡಿದ್ದೆ. ಲೂರ್ದಿಗೆ ಎಂಟು.

ಏಪ್ರಿಲ್ ೫, ಬುಧವಾರ

ಲೂರ್ದಿಗೆ ಬಿಳಿ ಲಂಗ ಬೇಕು. ಪೆಟ್ಟಿಗೆಯಲ್ಲಿ ಅವರ ಮದುವೆ ಪಂಚೆ ಇತ್ತು. ಕತ್ತರಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ ಕತ್ತರಿಸಿದೆ. ಒಂದು ಅಂಚು ಮಾತ್ರ ತೆಗೆದಿಟ್ಟುಕೊಂಡೆ.

ಪ್ರಸಾದದ ಆ ತೆಳು ರೊಟ್ಟಿಯಲ್ಲಿ ದೇವರೇ ಇರುತ್ತಾನೆ; ಹಲ್ಲಿಗೆ ತಾಗಬಾರದು, ಅಗಿಯಬಾರದು. ನಾಲಿಗೆ ಹೇಗೆ ಚಾಚಬೇಕೆಂದು ಹಪ್ಪಳದ ಚೂರಿಟ್ಟು ಕಲಿಸುತ್ತಿದ್ದೆ. ಪಕ್ಕದ ಮನೆ ಬೋರಕ್ಕ ಮೊರ ಕೇಳಲು ಬಂದವಳು ನೋಡಿ ನಕ್ಕೂ ನಕ್ಕೂ ಬಾಗಿಲಲ್ಲೇ ಕೂತಳು.

"ನಾಲಿಗೆ ಚಾಚೋದನ್ನೂ ಕಲಿಸ್ತಾರೇನ್ರಿ! ನಮ್ಮ ಹುಡುಗ್ರು ಕಲಿಸ್ದೇನೇ ಚಾಚ್ತವೆ."

ಲೂರ್ದಿಗೂ ನಗು ತಡೆಯಲಿಲ್ಲ. ಹಪ್ಪಳ ಅಗಿದು ನುಂಗಿದಳು.

ಏಪ್ರಿಲ್ ೧೬. ಪಾಸ್ಕ ಹಬ್ಬ

ಹಬ್ಬ, ಪೂಜೆಯಿಲ್ಲದೆ. ಸೇವಿಗೆ ಪಾಯಸ ಮಾಡಿದೆ. ಬೋರಕ್ಕನ ಮನೆಗೂ ಕೊಟ್ಟೆ.

ಡಾಕ್ಟರು ರಜೆ ಕೊಟ್ಟರು. "ಒಂದು ಬೆಳಗಿನ ಪೂಜೆಗೆ ಅಷ್ಟು ದೂರ ಈ ಬಿಸಿಲಿನಲ್ಲಾ?" ಎಂದು ಕೇಳಿದರು. ಕೊಂಕಲ್ಲ, ನಿಜವಾಗಿಯೇ ಕೇಳಿದರು. ಹೌದು ಸಾರ್ ಅಂದೆ. ಅಷ್ಟೇ.

ಲೂರ್ದಿಗೆ ಉಪವಾಸದ್ದೇ ಚಿಂತೆ. ನಡುರಾತ್ರಿಯಿಂದ ಪ್ರಸಾದ ತೆಗೆದುಕೊಳ್ಳುವವರೆಗೆ ತೊಟ್ಟು ನೀರೂ ಕೂಡದು. ಔಷಧಿಯೂ ಕೂಡದು.

"ನೀರು ಕುಡುದ್ರೆ ದೇವ್ರಿಗೆ ಸಿಟ್ಟು ಬರುತ್ತಾ?"

"ಸಿಟ್ಟಲ್ಲ. ಮನೆಗೆ ದೊಡ್ಡೋರು ಊಟಕ್ಕೆ ಬರ್ತಾರೆ ಅಂದ್ರೆ ಅವ್ರಿಗಿಂತ ಮುಂಚೆ ನಾವು ಉಣ್ತೀವಾ? ಕಾಯ್ತೀವಲ್ಲ, ಹಂಗೆ."

ಒಪ್ಪಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ದೊಡ್ಡೋರು ಬೇಗ ಬರಬೇಕು" ಅಂದಳು.

ಏಪ್ರಿಲ್ ೨೫, ಮಂಗಳವಾರ. ಮೊಳಕಾಲ್ಮೂರು

ಗಾದ್ರಪ್ಪನ ಗಾಡಿಯಲ್ಲಿ ಕಂಬಳಿ ಮೂಟೆಗಳ ಮೇಲೆ ಕೂತು ಬಂದೆವು. ದನ ಮೇಯುವ ಕಾವಲಿನ ಅಂಚು ದಾಟಿದ ಮೇಲೆ ನೆರಳೆನ್ನುವುದೇ ಇಲ್ಲ. ಉಣ್ಣೆಯ ಕಾವು ಕೆಳಗೆ, ಸೂರ್ಯ ಮೇಲೆ. ಮೈ ಕೈ ಕೆರೆತ.

ಇನ್ನಾಸಪ್ಪನ ಹೆಂಡತಿ ಜ್ಞಾನಮ್ಮ ಪಡಸಾಲೆ ಸಾರಿಸಿ, ಮೂಲೆಯಲ್ಲಿ ಕಲ್ಲಿನ ಚಪ್ಪಡಿ ಎತ್ತರಿಸಿ ಬಿಳಿ ಬಟ್ಟೆ ಹಾಸಿದ್ದಾಳೆ. "ರಾ ತಲ್ಲೀ, ರಾ" ಎಂದು ಲೂರ್ದಿಯನ್ನು ಎತ್ತಿಕೊಂಡೇಬಿಟ್ಟಳು. ಅವಳ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

ಇಳಿಹೊತ್ತಿಗೆ ಸ್ವಾಮಿಗಳು ಬಂದರು. ಕುದುರೆಯಿಂದ ಇಳಿಯಲು ಇನ್ನಾಸಪ್ಪನ ಭುಜ ಬೇಕಾಯಿತು. ಹೋದ ಸಲ ಬೇಕಾಗಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಕೈ ಮುಟ್ಟಿದೆ, ಬೆಚ್ಚಗಿತ್ತು. ಬಿಸಿಲಿನದು ಅಂದರು.

ಲೂರ್ದಿಯನ್ನು ಮುಂದೆ ಕೂರಿಸಿಕೊಂಡು ಕೇಳಿದರು. ಅವರ ಕನ್ನಡ ಪುಸ್ತಕದ್ದು. "ಮಗಳೇ, ಮನೆಯ ರೊಟ್ಟಿಗೂ ಈ ಪ್ರಸಾದಕ್ಕೂ ಏನು ವ್ಯತ್ಯಾಸ?" ನಾನು ಕಲಿಸಿದ ಉತ್ತರ ಬೇರೆ ಇತ್ತು. ಅವಳು ಅದನ್ನು ಬಿಟ್ಟು ತನ್ನದೇ ಹೇಳಿದಳು.

"ರೊಟ್ಟೀನ ನಾವು ಹುಡ್ಕೊಂಡು ಹೋಗ್ತೀವಿ. ಇದು ನಮ್ಮನ್ನ ಹುಡ್ಕೊಂಡು ಬರುತ್ತೆ. ಕುದುರೆ ಮ್ಯಾಲೆ."

ಸ್ವಾಮಿಗಳು ಗಟ್ಟಿಯಾಗಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು. "ಸಾಕು. ನಾಳೆ ನಿನಗೆ ಪ್ರಸಾದ. ತಾಯಿಯ ಪಕ್ಕದಲ್ಲೇ ಮಂಡಿಯೂರು."

ಎಲ್ಲರದೂ ಪಾಪನಿವೇದನೆ ಆಯಿತು. ಲೂರ್ದಿಯ ಪಾಪ—ಹಪ್ಪಳ ನುಂಗಿದ್ದು. ಅವಳೇ ಬಂದು ನನಗೂ ಹೇಳಿದಳು.

ಬಿಳಿ ಲಂಗ ಗೂಟಕ್ಕೆ ತೂಗುಹಾಕಿದೆ. ನೋಡುತ್ತ ಕೂತಿದ್ದೇನೆ. ನಾಳೆ ಇಬ್ಬರೂ—

ಏಪ್ರಿಲ್ ೨೬, ಬುಧವಾರ. ಸಂಜೆ

ಆದದ್ದನ್ನು ಆದಂತೆ ಬರೆಯುತ್ತೇನೆ.

ಕೋಳಿ ಕೂಗುವ ಹೊತ್ತಿಗೆ ಬಾಗಿಲು ಬಡಿದರು. ರೇಷ್ಮೆ ವ್ಯಾಪಾರದ ಮುರುಗೇಂದ್ರಪ್ಪನವರ ಗಾಡಿ ಹೊಡೆಯುವ ಪಾತಣ್ಣ. "ಚಳ್ಳಕೆರೆ ನರ್ಸಮ್ಮ ಇಲ್ಲೇ ಇಳ್ದವ್ರೆ ಅಂತ ತಿಳೀತು. ನಮ್ಮ ಸಣ್ಣಮ್ಮೋರಿಗೆ ನಿನ್ನೆಯಿಂದ ನೋವು. ಸೂಲಗಿತ್ತಿ ಕೈ ಬಿಟ್ಟಳು. ಬರ್ರಿ ತಾಯಿ, ಬರ್ರಿ."

ಸ್ವಾಮಿಗಳು ಆಗಲೇ ಎದ್ದು ಜಪ ಓದುತ್ತಿದ್ದರು. ನನ್ನ ಮುಖ ನೋಡಿದರು. "ಹೋಗು ಮಗಳೇ. ನಾವು ಕಾಯುತ್ತೇವೆ."

"ಎಷ್ಟು ಹೊತ್ತಾಗುತ್ತೋ ಸ್ವಾಮಿ. ನೀವೂ ಉಪವಾಸ..."

"ಸೂರ್ಯ ನೆತ್ತಿಗೆ ಬರುವವರೆಗೆ ಪೂಜೆಗೆ ಸಮಯವಿದೆ. ಹೋಗು."

ಲೂರ್ದಿಗೆ ನೀರು ಕುಡಿಯಬೇಡ, ಬಂದೇ ಬರ್ತೀನಿ ಅಂತ ಹೇಳಿ ಹೊರಟೆ.

ಹುಡುಗಿ ತಿಪ್ಪೇರುದ್ರಮ್ಮ. ಚೊಚ್ಚಲು. ಸೊರಗಿ ಬೆವೆತು ಬಿದ್ದಿದ್ದಳು. ಅತ್ತೆ ಬಸವಲಿಂಗಮ್ಮ ತಲೆ ಹಿಡಿದು ಕೂತಿದ್ದರು—ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಗಂಡಸಿನ ದನಿ. ಹೊಸಿಲು ದಾಟುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನೂ ಅನ್ನಲಿಲ್ಲ, ದಾರಿ ಬಿಟ್ಟರು. ಮಗುವಿನ ಮುಖ ತಿರುಗಿ ಕೂತಿತ್ತು. ಹೊತ್ತು ಹಿಡಿಯಿತು. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಗಂಡು ಮಗು ಹುಟ್ಟಿತು. ಅತ್ತಿತು. ಹೊರಗೆ ಗಂಡಸರ ದನಿ ಏರಿತು. ಇನ್ನು ಓಡಿದರೆ ಪೂಜೆ ಸಿಗುತ್ತದೆ ಎಂದು ನನ್ನ ಮನಸ್ಸು ಆಗಲೇ ಬೀದಿಗೆ ಇಳಿದಿತ್ತು.

ಆಗ ರಕ್ತ ಶುರುವಾಯಿತು. ನಿಲ್ಲದು. ಹೊಟ್ಟೆ ಅದುಮಿ ಹಿಡಿದೆ. ಗರ್ಭ ಬಿಗಿದು ರಕ್ತ ನಿಲ್ಲಿಸುವ ಎರ್ಗಟ್ ಔಷಧಿಯ ಸೀಸೆ ತೆಗೆದು ನೀರಿಗೆ ಬೆರೆಸಿ ಬಾಯಿಗೆ ಹಿಡಿದರೆ ಹುಡುಗಿ ಹಲ್ಲು ಕಚ್ಚಿದಳು. ಅವಳ ಅಕ್ಕ ಬಾಣಂತಿತನದಲ್ಲಿ ಯಾರೋ ಕೊಟ್ಟ ಸೀಸೆ ಔಷಧಿ ಕುಡಿದ ದಿನವೇ ಸತ್ತಳಂತೆ.

"ವಿಷ ಐತೆ ಅದ್ರಾಗೆ. ನಾ ಕುಡಿಯಲ್ಲ."

"ಕುಡಿಯವ್ವಾ" ಎಂದು ಬಸವಲಿಂಗಮ್ಮ ಗದರಿದರು, ಬೇಡಿದರು. ಆಗಲಿಲ್ಲ. ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಅಂಥದರಲ್ಲೂ ನನ್ನ ಕಡೆ ನೋಡಿ ಅಂದಳು, "ನೀವು ಕುಡೀರಿ ಮೊದ್ಲು. ಕುಡುದ್ರೆ ಕುಡೀತೀನಿ."

ಬಟ್ಟಲು ಕೈಯಲ್ಲಿತ್ತು. ಪಡಸಾಲೆಯಲ್ಲಿ ಬಿಳಿ ಲಂಗ ಹಾಕಿಕೊಂಡು ಕೂತ ಲೂರ್ದಿ ಕಣ್ಣ ಮುಂದೆ ಬಂದಳು. ಹೋದ ಮುಂಗಾರಿನಿಂದ ಕಾದದ್ದೆಲ್ಲ ನೆನಪಿಗೆ ಬಂತು. ಬೇರೆ ದಾರಿ ಇದೆಯೇ ಎಂದು ಹುಡುಕಿದೆ. ಆ ಹುಡುಗಿಯ ರಕ್ತ ನನ್ನ ಕಾಲ ಬಳಿ ಬಂದಿತ್ತು. ಒಂದು ಗುಟುಕು ಕುಡಿದೆ. ಕಹಿ.

ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ್ದು ಕಂಡ ಮೇಲೆ ಬಾಯಿ ತೆರೆದಳು. ಪೂರ್ತಿ ಕುಡಿದಳು. ಹೊಟ್ಟೆ ಉಜ್ಜುತ್ತಾ ಕೂತೆ. ಗರ್ಭ ಕೈ ಕೆಳಗೆ ಕಲ್ಲಿನಂತೆ ಗಟ್ಟಿಯಾಯಿತು. ರಕ್ತ ನಿಂತಿತು. ಬದುಕಿದಳು.

ಬಸವಲಿಂಗಮ್ಮ ಕೈ ತೊಳೆಯಲು ನೀರು ಹಾಕಿದರು, ಮಜ್ಜಿಗೆ ತರಿಸಿದರು. ಬೇಡ ಅಂದೆ. ಬೇಡ ಎನ್ನಲು ಇನ್ನು ಕಾರಣವೇ ಇಲ್ಲ ಎನ್ನುವುದು ಅಂದ ಮೇಲೆ ನೆನಪಾಯಿತು. ಅಳು ಬಂತು.

"ಯಾಕ್ರಿ? ಇಬ್ರೂ ಬದುಕಿದ್ರಲ್ಲ, ಅಳ್ತೀರಲ್ಲ?"

ಹೇಳಿದೆ. ಎಲ್ಲ ಹೇಳಿದೆ. ಆ ಹೆಂಗಸಿನ ಮುಖ ಕಪ್ಪಿಟ್ಟಿತು. ಕೊರಳಿನ ಲಿಂಗ ಹಿಡಿದುಕೊಂಡರು. "ಶಿವಪೂಜೆ ಆಗ್ದೆ ನಾನೂ ಬಾಯಿಗೆ ನೀರು ಬಿಟ್ಟೋಳಲ್ಲ, ಕಾಯ್ಲೆ ಬಿದ್ರೂ ಬಿಟ್ಟಿಲ್ಲ. ನಿಮ್ಮ ನೇಮ ನಮ್ಮನ್ಯಾಗೆ ಮುರೀತೇನ್ರಿ..."

ಓಡಿದೆ. ಸೂರ್ಯ ನೆತ್ತಿಯ ಮೇಲೆ. ಇನ್ನಾಸಪ್ಪನ ಮನೆಯಲ್ಲಿ ಎಲ್ಲರೂ ಕಾದಿದ್ದರು. ಯಾರೂ ನೀರು ಮುಟ್ಟಿಲ್ಲ. ಮುದುಕರು ಗೋಡೆಗೆ ಒರಗಿದ್ದರು. ಲೂರ್ದಿಯ ತುಟಿ ಒಡೆದಿತ್ತು. ಸ್ವಾಮಿಗಳು ಪೂಜೆಯ ಉಡುಪು ತೊಟ್ಟು ನಿಂತೇ ಇದ್ದರು. ಮುಖ ಕೆಂಡದಂತಿತ್ತು. ನನ್ನನ್ನು ಕಂಡು ಎಲ್ಲರ ಮುಖ ಅರಳಿತು. ಆ ಅರಳಿದ ಮುಖಗಳನ್ನು ದಾಟಿಕೊಂಡು ಹೋಗಿ ಅವರ ಕಿವಿಯಲ್ಲಿ ಹೇಳಬೇಕಾಯಿತು—ಸ್ವಾಮಿ, ಕುಡಿದುಬಿಟ್ಟೆ.

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಪಾಪವಲ್ಲ. ಆದರೆ ಈ ದಿನ ಕೊಡಲು ನನಗೆ ಅಧಿಕಾರವಿಲ್ಲ, ಮಗಳೇ." ಅವರ ಕಣ್ಣಲ್ಲೂ ನೀರಿತ್ತು.

ಲೂರ್ದಿ ಕೇಳಿಸಿಕೊಂಡಳು. "ಹಂಗಾದ್ರೆ ನಾನೂ ತಗೊಳಲ್ಲ."

"ತಗೋಬೇಕು."

"ಇಬ್ರೂ ಅಂದಿದ್ದೆ ನೀನು."

"ಹುಚ್ಚೀ, ನೀನು ತಗೊಂಡು ಬಂದು ನನ್ನ ಪಕ್ಕ ಕೂತ್ಕೋ. ನನಗೆ ಅಷ್ಟು ಸಾಕು" ಅಂದೆ. ನನ್ನ ಮುಖವನ್ನೇ ನೋಡಿದಳು, ನಿಜವೋ ಸುಳ್ಳೋ ಎಂದು. ಆಮೇಲೆ ಎದ್ದು ಹೋದಳು.

ಪೂಜೆ ನಡೆಯಿತು. ಮಕ್ಕಳಲ್ಲಿ ಅವಳೊಬ್ಬಳೇ. ನಾಲಿಗೆ ಚಾಚಿದಳು. ಒಣಗಿದ್ದ ನಾಲಿಗೆ, ನುಂಗಲು ಕಷ್ಟಪಟ್ಟಳು. ತಿರುಗಿ ಬಂದು ಮಂಡಿಯೂರಿ ಬಹಳ ಹೊತ್ತು ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೆಯೇ ನನ್ನ ಕೈ ಹುಡುಕಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು.

"ಅವ್ವಾ, ಇಲ್ಲಿ ಅವ್ನೆ. ಮುಟ್ಟು."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಂತರು. ಸಿದ್ದಾಪುರದ ಯರ್ರಪ್ಪ. ಅವನ ತಾಯಿ ನಿಂಗಕ್ಕ ಸಾವಿನ ಬಾಯಲ್ಲಿದ್ದಾಳೆ. ಜ್ಞಾನಸ್ನಾನದಲ್ಲಿ ಮರಿಯಮ್ಮ, ಊರಿಗೆಲ್ಲ ನಿಂಗಕ್ಕ. ಪ್ರಸಾದ ಸಿಕ್ಕರೆ ಕಣ್ಣು ಮುಚ್ಚುತ್ತೇನೆ ಅನ್ನುತ್ತಿದ್ದಾಳಂತೆ. ಇನ್ನಾಸಪ್ಪ ಪೀಠದ ಬಳಿ ಹೋಗಿ ಪಿಸುಗುಟ್ಟಿದ. ರಾತ್ರಿ ತಲೆ ಎಣಿಸಿ ಎತ್ತಿಟ್ಟ ಪ್ರಸಾದದಲ್ಲಿ ಸ್ವಾಮಿಗಳ ಕೈಯಲ್ಲಿ ಒಂದೇ ಒಂದು ಉಳಿದಿತ್ತು. ನನ್ನದು. ನನ್ನ ಕಡೆ ತಿರುಗಿ ನೋಡಿದರು. ತಲೆಯಾಡಿಸಿದೆ. ಅದನ್ನು ಚಿಕ್ಕ ಬೆಳ್ಳಿ ಡಬ್ಬಿಯಲ್ಲಿಟ್ಟು ಮುಚ್ಚಿದರು. ಬಿಸಿಲು ಇಳಿದ ಮೇಲೆ ಹೊರಡುವುದು ಎಂದಾಯಿತು.

ಹೊರಡಲಿಲ್ಲ. ಪೂಜೆಯ ಉಡುಪು ಬಿಚ್ಚುವಾಗ ಕುಸಿದರು. ಮೈ ಸುಡುತ್ತಿದೆ. ಇಷ್ಟು ಹೊತ್ತು ನೀರಿಲ್ಲದೆ ನಿಂತದ್ದು ನನಗಾಗಿ. ಒದ್ದೆ ಬಟ್ಟೆ ಹಾಕಿ, ಉಪ್ಪು ಹಾಕಿದ ಗಂಜಿ ತಿಳಿ ಕೊಡುತ್ತಿದ್ದೇನೆ. ಆಗಾಗ ಎಚ್ಚರ ಬರುತ್ತದೆ. ಈಗ ಹೇಳಿದರು, "ನಡುರಾತ್ರಿಯ ಮೇಲೆ ನನಗೆ ನೀರು ಕೊಡಬೇಡ. ಬೆಳಿಗ್ಗೆ ಪೂಜೆ ಮಾಡಿ ನಿನಗೆ ಪ್ರಸಾದ ಕೊಟ್ಟು ಹೊರಡುತ್ತೇನೆ."

ಆ ಮೈಗೆ ಆರು ತಾಸು ನೀರಿಲ್ಲದಿದ್ದರೆ ಜೀವ ಉಳಿಯದು. ನಾನು ಕಲಿತದ್ದು ಅಷ್ಟು ಹೇಳುತ್ತದೆ.

ಏಪ್ರಿಲ್ ೨೭, ಗುರುವಾರ. ಮಧ್ಯಾಹ್ನ

ಕೊಟ್ಟೆ. ಚಮಚ ಚಮಚವಾಗಿ ರಾತ್ರಿಯಿಡೀ ಕೊಟ್ಟೆ.

ಮೊದಲ ಸಲ ತುಟಿ ಬಿಗಿಹಿಡಿದರು. "ಕುಡಿದರೆ ಬೆಳಿಗ್ಗೆ ಪೂಜೆಯಿಲ್ಲ. ನಿನಗೆ ಇಲ್ಲವಾಗುತ್ತದೆ."

"ಬೇಡ ಸ್ವಾಮಿ. ನಿಂಗಕ್ಕ ಕಾಯ್ತಾ ಇದ್ದಾರೆ. ನೀವು ಏಳಬೇಕು. ಕುಡೀರಿ."

"ನೀನು ಹಠಮಾರಿ."

"ಹೌದು."

ಮಗುವಿನ ಹಾಗೆ ಬಾಯಿ ತೆರೆದರು.

ಇತ್ತ ಇವರನ್ನು ನೋಡಿ, ಅತ್ತ ಬಾಣಂತಿಯನ್ನು ನೋಡಿ, ಎರಡು ಮನೆಗಳ ನಡುವೆ ಓಡಾಡಿದ್ದೇ ಆಯಿತು. ಹುಡುಗಿಗೆ ಜ್ವರವಿಲ್ಲ. ಮಗು ಮೊಲೆ ಹಿಡಿದಿದೆ. ಬೆಳ್ಳಿ ಡಬ್ಬಿ ಚಪ್ಪಡಿಯ ಮೇಲೇ ಇತ್ತು. ಜ್ಞಾನಮ್ಮ ಅದರ ಮುಂದೆ ಎಣ್ಣೆ ದೀಪ ಆರದಂತೆ ನೋಡಿಕೊಂಡಳು. ಕೇರಿಯವರು ಒಬ್ಬರಾದ ಮೇಲೊಬ್ಬರು ಬಂದು ಮಂಡಿಯೂರಿ ಹೋಗುತ್ತಿದ್ದರು. "ದೇವ್ರು ಬರ್ತಾನೆ, ಹೋಗ್ತಾನೆ. ರಾತ್ರಿ ಉಳ್ಕಂಡಿದ್ದು ಇದೇ ಮೊದ್ಲು, ನರ್ಸಮ್ಮ" ಎಂದಳು. ಕಲ್ಲು ಒಡೆದು ಬಂದ ಗಂಡಸರು ಕೂಡ ಮಲಗಲಿಲ್ಲ.

ಬೆಳಕು ಹರಿಯುವಾಗ ಸ್ವಾಮಿಗಳ ಜ್ವರ ಇಳಿದಿತ್ತು. ದಿಂಬಿಗೆ ಒರಗಿ ಕೂತರು. ನನ್ನ ಮುಖ ನೋಡುತ್ತಾ ಇದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ರಾತ್ರಿ ನೀನು ಏನಾದರೂ ತಿಂದೆಯಾ?"

"ಇಲ್ಲ."

"ನೀರು?"

ನೆನಪು ಮಾಡಿಕೊಂಡೆ. ಸಂಜೆ ಜ್ಞಾನಮ್ಮ ಕೊಟ್ಟ ಮುದ್ದೆ, ನೀರು. ಆಮೇಲೆ... ಇಲ್ಲ. ಅಷ್ಟು ಸಲ ಚಮಚ ಎತ್ತಿದ್ದೆ, ಒಂದು ಸಲವೂ ನನ್ನ ಬಾಯಿಗೆ ಹೋಗಿರಲಿಲ್ಲ. ಬಾಯಿ ಒಣಗಿ ಅಂಟಿಕೊಂಡಿದ್ದು ಆಗ ಗೊತ್ತಾಯಿತು.

ಅವರು ಇನ್ನಾಸಪ್ಪನನ್ನು ಕರೆದು ತಮ್ಮನ್ನು ಎಬ್ಬಿಸಲು ಹೇಳಿದರು. ಕೈ ತೊಳೆದರು. ಕೊರಳಿಗೆ ಪೂಜೆಯ ಉದ್ದ ಪಟ್ಟಿ ಹಾಕಿಕೊಂಡರು. ಗೋಡೆ ಹಿಡಿದು ಚಪ್ಪಡಿಯ ಬಳಿ ಹೋದರು.

"ಪೂಜೆ ಮಾಡಲು ನಾನು ಉಪವಾಸವಿರಬೇಕು. ಪ್ರಸಾದ ಕೊಡಲು ನೀನು ಉಪವಾಸವಿದ್ದರೆ ಸಾಕು."

"ಸ್ವಾಮಿ, ಅದು ನಿಂಗಕ್ಕಂದು."

"ನಿಂಗಕ್ಕನದೇ. ಚೂರಾದರೂ ಅವನು ಪೂರ್ತಿಯೇ ಇರುತ್ತಾನೆ. ಮಂಡಿಯೂರು."

ಡಬ್ಬಿ ತೆರೆದರು. ಮುರಿದರು. ಒಣ ಎಲೆ ಮುರಿದಷ್ಟು ಸಣ್ಣ ಸದ್ದು. ಅರ್ಧ ಡಬ್ಬಿಯಲ್ಲೇ ಉಳಿಯಿತು. ಅರ್ಧ—

ಅದರ ಬಗ್ಗೆ ಬರೆಯಲಾರೆ. ಲೂರ್ದಿ ಓಡಿ ಬಂದು ನನ್ನ ಎದೆಗೆ ಕಿವಿ ಹಚ್ಚಿದಳು, ಬಾವಿಯೊಳಗೆ ಕೇಳುವವರ ಹಾಗೆ. ಏನು ಕೇಳಿಸಿತೋ. "ಹ್ಞಾ, ಬಂದ" ಅಂದಳು.

ಅದೇ ದಿನ. ಸಂಜೆ

ಬಸವಲಿಂಗಮ್ಮ ಬಂದರು. ಕಲ್ಲುಕುಟಿಕರ ಕೇರಿಗೆ ಆ ಮನೆಯ ಹೆಂಗಸರು ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲವಂತೆ. ಮಕ್ಕಳೆಲ್ಲ ಹಿಂದೆ. ಒಳಗೆ ಬರಲಿಲ್ಲ, ಹೊಸಿಲಿನಾಚೆ ಜಗುಲಿಯ ಮೇಲೆ ಕೂತರು. ಸ್ವಾಮಿಗಳಿಗೆ ಕೈ ಮುಗಿದರು.

"ಗುರುಗಳೇ, ಈಯಮ್ಮನ ನೇಮ ನಮ್ಮನ್ಯಾಗೆ ಕೆಟ್ಟೋತು. ತಪ್ಪು ನಮ್ದು. ಇನ್ನೊಂದಿನ ಇದ್ದು ಈಯಮ್ಮನಿಗೆ ಏನು ಕೊಡಬೇಕೋ ಕೊಟ್ಟು ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕೊಟ್ಟೆ ತಾಯಿ. ಬೆಳಿಗ್ಗೆಯೇ ಕೊಟ್ಟೆ."

ನಂಬದೆ ನನ್ನ ಕಡೆ ನೋಡಿದರು. ಹೌದು ಎಂದೆ. ದೊಡ್ಡ ಉಸಿರು ಬಿಟ್ಟರು. ಒಳಗಿನ ದೀಪದ ಕಡೆ ಕತ್ತು ಹೊರಳಿಸಿ, "ಅಲ್ಲಿ ಇನ್ನೂ ದೀಪ ಐತಲ್ಲ?" ಎಂದರು.

"ಅಲ್ಲಿ ಇನ್ನೊಬ್ಬರ ಪ್ರಸಾದ ಇದೆ, ಅವ್ವ. ಸಾಯೋ ಮುದುಕಿಗೆ. ಸಿದ್ದಾಪುರಕ್ಕೆ ಹೋಗಬೇಕು. ಸ್ವಾಮಿಗಳಿಗೆ ಕುದುರೆ ಏರಲು ಆಗದು."

ಬಸವಲಿಂಗಮ್ಮ ಆಗಲೇ ಎದ್ದಿದ್ದರು. "ಪಾತಣ್ಣಾ! ಕಮಾನು ಗಾಡಿ ಕಟ್ಟೋ. ಒಳಗೆ ಹಾಸಿಗೆ ಹಾಕು. ಜೋಪಾನ ಕಣಪ್ಪಾ, ಗುರುನೂ ಅವ್ರೆ, ಪ್ರಸಾದಾನೂ ಐತೆ. ಎತ್ತು ಓಡಿಸ್ಬ್ಯಾಡ."

ಹೊರಡುವ ಮುಂಚೆ ಸ್ವಾಮಿಗಳು ಡಬ್ಬಿಯನ್ನು ಎದೆಯ ಬಳಿ ಅಂಗಿಯೊಳಗೆ ಇಟ್ಟುಕೊಂಡರು. ನಾವೆಲ್ಲ ಬೀದಿಯಲ್ಲಿ ಮಂಡಿಯೂರಿದೆವು. ಬಸವಲಿಂಗಮ್ಮ ನಿಂತೇ ಇದ್ದರು, ಕೊರಳಿನ ಲಿಂಗ ಹಿಡಿದುಕೊಂಡು. ಯರ್ರಪ್ಪ ಮುಂದೆ ಮುಂದೆ ಓಡುತ್ತಿದ್ದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಯಾರೂ ಏಳಲಿಲ್ಲ.

ಮುದುಕಿ ಇದ್ದಾಳೋ ಇಲ್ಲವೋ.

ಮೇ ೧೨, ಶುಕ್ರವಾರ. ಚಳ್ಳಕೆರೆ

ಬಂದ ಮೇಲೆ ಬರೆಯಲು ಬಿಡುವಾಗಲಿಲ್ಲ. ಬೇಸಿಗೆಯ ವಾಂತಿಭೇದಿ, ಡಿಸ್ಪೆನ್ಸರಿ ತುಂಬ ಜನ. ಲೂರ್ದಿ ಕೇರಿಯ ಹುಡುಗಿಯರಿಗೆಲ್ಲ ನಾಲಿಗೆ ಚಾಚುವುದನ್ನು ಹೇಳಿಕೊಡುತ್ತಿದ್ದಾಳೆ. ಬೋರಕ್ಕ ನನ್ನನ್ನು ಬೈದಳು.

ಮಧ್ಯಾಹ್ನ ಪಾತಣ್ಣ ಬಂದ. ಯಜಮಾನರ ಕೆಲಸಕ್ಕೆ ಚಳ್ಳಕೆರೆಗೆ ಬಂದಿದ್ದನಂತೆ. ಬಾಣಂತಿ ಎದ್ದು ಓಡಾಡುತ್ತಿದ್ದಾಳೆ. ಬಸವಲಿಂಗಮ್ಮ ಒಂದು ಡಬ್ಬಿ ತುಪ್ಪ ಕಳಿಸಿದ್ದಾರೆ. ಸ್ವಾಮಿಗಳು ಚೇತರಿಸಿಕೊಂಡು ಮುಂದಿನ ಊರಿಗೆ ಹೋದರು. ಇದೆಲ್ಲ ಹೇಳಿ ನೀರು ಕುಡಿದ. ನಾನು ಕೇಳಲೇಬೇಕಾಯಿತು.

"ಪಾತಣ್ಣ, ಆ ಸಿದ್ದಾಪುರದ ಅಜ್ಜಿ?"

"ಇದ್ಳು ತಾಯಿ. ನಾವು ಹೋಗೋತನಕ ಜೀವ ಹಿಡ್ಕಂಡಿದ್ಳು. ಗುರುಗಳನ್ನ ಕೈ ಹಿಡ್ದು ನಾನೇ ಒಳಗೆ ಬಿಟ್ಟೆ. ಬಾಗಿಲಾಗೆ ನಿಂತಿದ್ದೆ, ಎಲ್ಲಾ ನೋಡ್ದೆ. ಆ ಡಬ್ಬಿ ತೆಗುದ್ರು. ಮುದುಕಿ ಕಣ್ಣು ಅಷ್ಟು ಮಂಜಾಗಿದ್ರೂ ಕಂಡಿಡುದ್ಳು ನೋಡ್ರಿ. 'ಇದೇನು ಸ್ವಾಮಿ, ಅರ್ಧ ಐತೆ? ಉಳಿದರ್ಧ ಎಲ್ಲಿ?' ಅಂದ್ಳು."

"ಸ್ವಾಮಿಗಳು ಏನಂದ್ರು?"

"ಚಳ್ಳಕೆರೆ ನರ್ಸಮ್ಮ ಅಂತ ಒಬ್ರು ಅವ್ರೆ, ಬೆಳಿಗ್ಗೆ ಅವ್ರು ತಗೊಂಡ್ರು, ಇದು ನಿಂದು ಅಂದ್ರು. ಮುದುಕಿ ನಕ್ಳು ತಾಯಿ. ಹಲ್ಲೇ ಇಲ್ಲ, ನಕ್ಳು. 'ಅಂಗಾದ್ರೆ ಆಯಮ್ಮನೂ ನಾನೂ ಒಂದೇ ತಣಿಗ್ಯಾಗೆ ಉಂಡಂಗಾತು ಬಿಡ್ರಿ' ಅಂದ್ಳು. ಆಮ್ಯಾಲೆ ತಗೊಂಡ್ಳು. ಬೆಳಗಿನ ಜಾವಕ್ಕೆ ಹೋದ್ಳು, ಸುಖವಾಗಿ."

ಪಾತಣ್ಣ ಹೋಗಿ ಬಹಳ ಹೊತ್ತಾಯಿತು.

ನಿಂಗಕ್ಕನ ಮುಖ ನಾನು ನೋಡಿಲ್ಲ. ದನಿ ಕೇಳಿಲ್ಲ. ಎತ್ತರವೋ ಕುಳ್ಳೋ, ಕಪ್ಪೋ ಕೆಂಪೋ ತಿಳಿಯದು. ಯಾವ ಕೆಲಸ ಮಾಡಿ ಕೈ ಒರಟಾಗಿತ್ತೋ. ಒಂದೇ ತಟ್ಟೆ, ಒಂದೇ ತಣಿಗೆಯಲ್ಲಿ ನಾನು ಉಂಡದ್ದು ಅವ್ವನ ಜೊತೆ, ಅವರ ಜೊತೆ, ಲೂರ್ದಿಯ ಜೊತೆ. ಬೇರೆ ಯಾರ ಜೊತೆಗೂ ಇಲ್ಲ.

ಲೂರ್ದಿ ಊಟಕ್ಕೆ ಕರೆದಳು. ಮುದ್ದೆ, ಬಸವಲಿಂಗಮ್ಮನ ತುಪ್ಪ. ತುತ್ತು ಮುರಿದು ಕೈಯಲ್ಲಿ ಹಿಡಿದೆ. ಎತ್ತುವ ಮೊದಲು, ಯಾಕೋ, ತಣಿಗೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ, ಎದುರಿನ ಖಾಲಿ ಜಾಗದಲ್ಲಿ ಕೂತವರಿಗೆ ಕೈಗೆಟಕುವ ಹಾಗೆ—